ಸಭಾಪಾಲಕನಿಗೊಂದು ಲೆಕ್ಕದ ಪುಸ್ತಕ



ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಮನೆಗೆ ಬಂದಿದ್ದನು. ಎಂಟನೆಯ ತರಗತಿಯಲ್ಲಿ ಕೊನೆಯ ಬೆಂಚಿನಲ್ಲಿ ಕುಳಿತು, ಪಾಠಕ್ಕಿಂತ ಹೆಚ್ಚಾಗಿ ಕಿಟಕಿಯಾಚೆಯ ಹುಣಿಸೆಮರವನ್ನೇ ನೋಡುತ್ತಿದ್ದ ಹುಡುಗ ಅವನು. ಈಗ ದೈವಶಾಸ್ತ್ರದ ಪದವಿ ಮುಗಿಸಿ, ಒಂದು ಬ್ಯಾಪ್ಟಿಸ್ಟ್ ಸಭೆಯ ಪಾಲಕನಾಗಿ ದೀಕ್ಷೆ ಪಡೆಯಲಿದ್ದಾನೆ. ಆಮಂತ್ರಣ ಪತ್ರಿಕೆಯನ್ನು ಕೈಗಿತ್ತು, "ಸಾರ್, ತಾವು ಬಂದು ಆಶೀರ್ವದಿಸಬೇಕು" ಎಂದು ಕೇಳಿಕೊಂಡನು. ಆ ದಿನ ಪ್ರಯಾಣ ಮಾಡುವ ಶಕ್ತಿ ನನಗಿರುವುದೋ ಇಲ್ಲವೋ ಎಂಬ ಅನುಮಾನದಿಂದ ಉಡುಗೊರೆಯನ್ನು ಆಗಲೇ ಕೊಟ್ಟುಬಿಟ್ಟೆ. ಅದು ಕೆಂಪು ಬಟ್ಟೆಯ ಹೊದಿಕೆಯುಳ್ಳ, ಅಂಗಡಿಯವರು ಬಳಸುವಂತಹ ಉದ್ದನೆಯ ಲೆಕ್ಕದ ಪುಸ್ತಕ.

ಹುಡುಗನು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದನು. "ಸಾರ್, ಬೈಬಲ್ ಕೊಡುತ್ತೀರೆಂದುಕೊಂಡಿದ್ದೆ" ಎಂದು ನಗುತ್ತಲೇ ಹೇಳಿದನು. ಅವನು ಹೋದ ಮೇಲೆ ನನ್ನಾಕೆ ನನ್ನನ್ನು ಸುಮ್ಮನೆ ಬಿಡಲಿಲ್ಲ. ಸುದ್ದಿ ಹೇಗೋ ಹರಡಿ, ನನ್ನ ತಂಗಿಯ ಮಗನು ದೂರವಾಣಿಯಲ್ಲಿ, "ಮಾವ, ದೇವರ ಸೇವೆಗೆ ಹೊರಟವನಿಗೆ ಗುಮಾಸ್ತನ ಪುಸ್ತಕ ಕೊಟ್ಟಿರಂತಲ್ಲ, ನಿಮಗೆ ವಯಸ್ಸಾಯಿತು" ಎಂದನು. ವಯಸ್ಸಾದದ್ದು ನಿಜ. ಆದರೆ ಆ ಉಡುಗೊರೆಯನ್ನು ನಾನು ಮರೆವಿನಿಂದ ಕೊಟ್ಟದ್ದಲ್ಲ, ಬಹುಕಾಲ ಯೋಚಿಸಿಯೇ ಕೊಟ್ಟದ್ದು. ಅದರ ಕಾರಣವನ್ನು ಎಲ್ಲರಿಗೂ ಒಮ್ಮೆಗೇ ತಿಳಿಸುವುದಕ್ಕಾಗಿ ಈ ಲೇಖನ.

ನನ್ನ ಶಿಷ್ಯರಲ್ಲಿ ಬಹುಮಂದಿ ಕ್ರೈಸ್ತರಲ್ಲ. ಅವರಿಗಾಗಿ ಮೊದಲು ಎರಡು ಮಾತು ಹೇಳಬೇಕು. ಕ್ರೈಸ್ತ ಸಭೆಗಳೆಲ್ಲವೂ ಒಂದೇ ಬಗೆಯವಲ್ಲ. ಕಥೋಲಿಕರಲ್ಲಿ ಬಿಷಪ್ಪರೂ ಅವರ ಮೇಲೆ ಪೋಪರೂ ಇದ್ದಾರೆ. 1947ರಲ್ಲಿ ರೂಪುಗೊಂಡ ದಕ್ಷಿಣ ಭಾರತ ಸಭೆಯಲ್ಲೂ ಬಿಷಪ್ಪರು, ಸಿನಡ್, ವರ್ಗಾವಣೆ ಮುಂತಾದ ವ್ಯವಸ್ಥೆಯಿದೆ. ಬ್ಯಾಪ್ಟಿಸ್ಟರಲ್ಲಿ ಹಾಗಿಲ್ಲ. 1609ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಜಾನ್ ಸ್ಮಿತ್ ಮತ್ತು ಥಾಮಸ್ ಹೆಲ್ವಿಸ್ ಎಂಬ ಇಂಗ್ಲಿಷ್ ನಿರಾಶ್ರಿತರಿಂದ ಮೊದಲಾದ ಈ ಪಂಥದಲ್ಲಿ ಪ್ರತಿಯೊಂದು ಸ್ಥಳೀಯ ಸಭೆಯೂ ಸ್ವತಂತ್ರ. ಅರಿವು ಬಂದು ತಾನಾಗಿ ನಂಬಿದವನಿಗೆ ಮಾತ್ರ ದೀಕ್ಷಾಸ್ನಾನ. ಸಭೆಯ ಆಡಳಿತ ಸದಸ್ಯರೆಲ್ಲರ ಕೈಯಲ್ಲಿ. ಪಾಲಕನನ್ನು ಕರೆಯುವವರೂ ಕಳುಹಿಸುವವರೂ ಅವರೇ. ಧರ್ಮದ ವಿಷಯದಲ್ಲಿ ರಾಜನಿಗೂ ಅಧಿಕಾರವಿಲ್ಲವೆಂದು ಬರೆದ ಹೆಲ್ವಿಸ್ ಇಂಗ್ಲೆಂಡಿಗೆ ಮರಳಿ ಸೆರೆಮನೆ ಸೇರಿದನು. ಈ ಸ್ವಾತಂತ್ರ್ಯದ ಬಗ್ಗೆ ನನಗೆ ಅಪಾರ ಹೆಮ್ಮೆಯಿದೆ.

ಆದರೆ ಇದೇ ಸ್ವಾತಂತ್ರ್ಯದ ಇನ್ನೊಂದು ಮುಖವನ್ನು ನಮ್ಮವರು ನೋಡಲೊಲ್ಲರು. ಮೇಲೆ ಬಿಷಪ್ಪರಿಲ್ಲವೆಂದರೆ ತಪ್ಪಿದಾಗ ತಿದ್ದುವವರೂ ಮೇಲಿಲ್ಲ ಎಂದರ್ಥ. ಏಕೋಪಾಧ್ಯಾಯ ಶಾಲೆಯಲ್ಲಿ ಕೆಲಸ ಮಾಡಿದವರಿಗೆ ಇದು ಚೆನ್ನಾಗಿ ತಿಳಿಯುತ್ತದೆ. ಅಲ್ಲಿ ಮುಖ್ಯೋಪಾಧ್ಯಾಯನೂ ಅವನೇ, ಗುಮಾಸ್ತನೂ ಅವನೇ, ಗಂಟೆ ಬಾರಿಸುವವನೂ ಅವನೇ. ಇನ್‌ಸ್ಪೆಕ್ಟರು ವರ್ಷಕ್ಕೊಮ್ಮೆಯಾದರೂ ಬರುತ್ತಾರೆಂಬ ಅಂಜಿಕೆಯಿಂದ ಹಾಜರಿ ಪುಸ್ತಕ ಸರಿಯಾಗಿರುತ್ತದೆ. ಇನ್‌ಸ್ಪೆಕ್ಟರೇ ಇಲ್ಲದ ಶಾಲೆಯನ್ನು ಊಹಿಸಿಕೊಳ್ಳಿ. ಅಲ್ಲಿನ ಶಿಕ್ಷಕನಿಗೆ ಉಳಿದೆಲ್ಲರಿಗಿಂತ ಹೆಚ್ಚಿನ ತರಬೇತಿ ಬೇಕು, ಊರಿನವರಿಗೂ ಶಾಲೆಯ ವ್ಯವಹಾರ ತಿಳಿದಿರಬೇಕು. ಬ್ಯಾಪ್ಟಿಸ್ಟ್ ಸಭೆಗಳು ಅಂತಹ ಶಾಲೆಗಳು. ಆದುದರಿಂದ ಸಭಾಪಾಲಕರನ್ನೂ, ಡೀಕನ್ನರನ್ನೂ, ಹಿರಿಯರನ್ನೂ ಕೆಲಸಕ್ಕೆ ಸಜ್ಜುಗೊಳಿಸುವುದು ನಮಗೆ ಐಚ್ಛಿಕ ವಿಷಯವಲ್ಲ. ಸಜ್ಜುಗೊಳಿಸದೆ ಪೀಠಕ್ಕೆ ಹತ್ತಿಸುವುದು ಆ ಮನುಷ್ಯನಿಗೂ ಸಭೆಗೂ ಮಾಡುವ ಅನ್ಯಾಯ. ನನ್ನ ವಾದ ಇಷ್ಟೇ.

ಇದಕ್ಕೆ ಮೊದಲ ಆಕ್ಷೇಪ ಬರುವುದು ಭಕ್ತರಿಂದ. "ಬೆಸ್ತರಾಗಿದ್ದ ಶಿಷ್ಯರು ಯಾವ ಕಾಲೇಜಿನಲ್ಲಿ ಓದಿದ್ದರು? ಪವಿತ್ರಾತ್ಮನು ನಡೆಸುತ್ತಾನೆ, ತರಬೇತಿ ಏತಕ್ಕೆ?" ಎಂದು ಅವರು ಕೇಳುತ್ತಾರೆ. ಆ ಬೆಸ್ತರು ಗುರುವಿನ ಜೊತೆ ಹಗಲಿರುಳು ನಡೆದು, ಉಂಡು, ತಪ್ಪು ಮಾಡಿ, ಬೈಸಿಕೊಂಡು ಕಲಿತವರೆಂಬುದನ್ನು ಇವರು ಮರೆಯುತ್ತಾರೆ. ಅಂತಹ ಗುರುಕುಲವಾಸ ಇಂದು ಎಷ್ಟು ಮಂದಿ ಪಾಲಕರಿಗೆ ದೊರೆತಿದೆ? ವಿಮೋಚನಕಾಂಡದ 18ನೆಯ ಅಧ್ಯಾಯವನ್ನು ತೆರೆದು ನೋಡಿರಿ. ಬೆಳಗಿನಿಂದ ಸಂಜೆಯ ತನಕ ಒಬ್ಬನೇ ಕುಳಿತು ಇಡೀ ಜನಾಂಗದ ವ್ಯಾಜ್ಯಗಳನ್ನು ತೀರಿಸುತ್ತಿದ್ದ ಮೋಶೆಗೆ ಅವನ ಮಾವನು, ಹೀಗಾದರೆ ನೀನೂ ಬಳಲುವೆ, ಜನರೂ ಬಳಲುವರು, ಯೋಗ್ಯರನ್ನು ಆರಿಸಿ ಹೊರೆಯನ್ನು ಹಂಚಿಕೊಡು ಎಂಬ ಬುದ್ಧಿ ಹೇಳಿದನು. ಮೋಶೆಯಂತಹ ಮೋಶೆಯೇ ಮಾವನ ಮಾತು ಕೇಳಿದನು. ಅಪೊಸ್ತಲರ ಕೃತ್ಯಗಳ 6ನೆಯ ಅಧ್ಯಾಯದಲ್ಲಿ ವಿಧವೆಯರಿಗೆ ಊಟ ಹಂಚುವುದರಲ್ಲಿ ತಾರತಮ್ಯವಾಯಿತೆಂಬ ದೂರು ಬಂದಾಗ, ಅಪೊಸ್ತಲರು ಅದನ್ನು ಪ್ರಾರ್ಥನೆಯ ಕೊರತೆಯೆಂದು ತಳ್ಳಿಹಾಕಲಿಲ್ಲ. ಏಳು ಮಂದಿಯನ್ನು ಆರಿಸಿ ಜವಾಬ್ದಾರಿ ಕೊಟ್ಟರು. ಆತ್ಮನ ನಡೆಸುವಿಕೆ ಎಂದರೆ ವ್ಯವಸ್ಥೆಯಿಲ್ಲದಿರುವಿಕೆ ಎಂದು ಆ ಗ್ರಂಥದಲ್ಲಿ ಎಲ್ಲಿಯೂ ನನಗೆ ಕಾಣಿಸಿಲ್ಲ.

ವಿಲಿಯಂ ಕೇರಿಯ ಹೆಸರನ್ನೂ ಇವರು ಎತ್ತುತ್ತಾರೆ. ಚಪ್ಪಲಿ ಹೊಲಿಯುತ್ತಿದ್ದವನು ಭಾರತಕ್ಕೆ ಬಂದು ಹತ್ತಾರು ಭಾಷೆಗಳಿಗೆ ಬೈಬಲನ್ನು ತಂದನಲ್ಲ, ಅವನಿಗೆ ಯಾರು ತರಬೇತಿ ಕೊಟ್ಟರು ಎಂಬುದು ಪ್ರಶ್ನೆ. ನಮ್ಮ ಭಾಷೆಗೂ ಅವನ ಋಣವಿದೆ. 1817ರಲ್ಲಿ ಶ್ರೀರಾಮಪುರದಲ್ಲಿ ಅವನ ಕನ್ನಡ ವ್ಯಾಕರಣ ಅಚ್ಚಾಯಿತು. ಆದುದರಿಂದಲೇ ಅವನ ಕತೆಯನ್ನು ಅರ್ಧಕ್ಕೆ ನಿಲ್ಲಿಸದೆ ಪೂರ್ತಿಯಾಗಿ ಓದಬೇಕೆಂದು ನಾನು ಒತ್ತಾಯಿಸುತ್ತೇನೆ.

ಕೇರಿ 1793ರ ನವೆಂಬರಿನಲ್ಲಿ ಬಂಗಾಳಕ್ಕೆ ಬಂದಿಳಿದನು. ಜೊತೆಗೆ ಬಂದ ವೈದ್ಯ ಜಾನ್ ಥಾಮಸ್ ಒಳ್ಳೆಯ ಮನಸ್ಸಿನವನು, ಆದರೆ ಹಣದ ವಿಷಯದಲ್ಲಿ ಶಿಸ್ತಿಲ್ಲದವನು, ಹಳೆಯ ಸಾಲಗಾರ. ತಂದ ಹಣ ಬೇಗನೆ ಕರಗಿ, ಕೇರಿಯ ಸಂಸಾರ ಅನ್ನಕ್ಕೂ ನೆಲೆಗೂ ಅಲೆಯಬೇಕಾಯಿತು. ಕೊನೆಗೆ ನೀಲಿ ತಯಾರಿಸುವ ಕಾರ್ಖಾನೆಯ ಕೆಲಸ ಹಿಡಿದನು. 1794ರಲ್ಲಿ ಮಗ ಪೀಟರ್ ತೀರಿಕೊಂಡನು. ಈ ದೇಶಕ್ಕೆ ಬರಲು ಮೊದಲಿನಿಂದಲೂ ಮನಸ್ಸಿಲ್ಲದಿದ್ದ ಹೆಂಡತಿ ಡೊರೊಥಿಗೆ ಮತಿವಿಕಲತೆ ಬಂದು, 1807ರಲ್ಲಿ ಸಾಯುವ ತನಕವೂ ಗುಣವಾಗಲಿಲ್ಲ. ಗಂಡನು ಒಂದು ಕೋಣೆಯಲ್ಲಿ ಭಾಷಾಂತರ ಮಾಡುತ್ತಿದ್ದಾಗ ಆಕೆ ಪಕ್ಕದ ಕೋಣೆಯಲ್ಲಿ ನರಳುತ್ತಿದ್ದಳು. ನಾವು ಕೇರಿಯ ಭಾವಚಿತ್ರಕ್ಕೆ ಮಾಲೆ ಹಾಕುತ್ತೇವೆ. ಡೊರೊಥಿಯ ಹೆಸರನ್ನು ಭಾನುವಾರ ಶಾಲೆಯಲ್ಲಿ ಯಾರೂ ಹೇಳಿಕೊಡುವುದಿಲ್ಲ. ತರಬೇತಿಯಿಲ್ಲದ, ಸಂಗಾತಿಗಳಿಲ್ಲದ, ಲೆಕ್ಕವಿಲ್ಲದ ಸೇವೆಯ ಬೆಲೆಯನ್ನು ತೆತ್ತವಳು ಆಕೆ.

1800ರ ಜನವರಿಯಲ್ಲಿ ಡೇನರ ಆಳ್ವಿಕೆಯಲ್ಲಿದ್ದ ಶ್ರೀರಾಮಪುರಕ್ಕೆ ಬಂದು, ಶಿಕ್ಷಕ ಜೋಶುವಾ ಮಾರ್ಷ್‌ಮನ್ ಮತ್ತು ಮುದ್ರಕ ವಿಲಿಯಂ ವಾರ್ಡ್ ಜೊತೆ ಸೇರಿದ ಮೇಲೆಯೇ ಕೇರಿಯ ಕೆಲಸಕ್ಕೆ ಬೇರು ಹಿಡಿಯಿತು. ಅಲ್ಲಿ ಅವರು ಮಾಡಿಕೊಂಡ ನಿಯಮಗಳನ್ನು ಗಮನಿಸಿರಿ. ಎಲ್ಲ ಕುಟುಂಬಗಳಿಗೂ ಒಂದೇ ಹಣದ ಪೆಟ್ಟಿಗೆ. ಮನೆವಾರ್ತೆಯ ಮೇಲ್ವಿಚಾರಣೆ ತಿಂಗಳಿಗೊಬ್ಬರಂತೆ ಸರದಿಯ ಮೇಲೆ. ಉಪದೇಶವೂ ಪ್ರಾರ್ಥನೆಯೂ ಸರದಿಯ ಮೇಲೆ. ಕೇರಿಯ ಪಾಲಿಗೆ ಬಂದ ಹೊಣೆ ಯಾವುದು ಗೊತ್ತೆ? ಖಜಾಂಚಿತನ. ವಾರದಲ್ಲಿ ಹುಟ್ಟಿಕೊಂಡ ಮನಸ್ತಾಪಗಳನ್ನು ಶನಿವಾರ ಸಂಜೆ ಒಟ್ಟಿಗೆ ಕುಳಿತು ಬಗೆಹರಿಸಿಕೊಳ್ಳಬೇಕೆಂಬುದು ಇನ್ನೊಂದು ನಿಯಮ. 1801ರಲ್ಲಿ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ತಿಂಗಳಿಗೆ 500 ರೂಪಾಯಿಗಳ ಕೆಲಸ ದೊರೆತಾಗಲೂ ಆ ಹಣ ಸಾಮಾನ್ಯ ಪೆಟ್ಟಿಗೆಗೇ ಹೋಯಿತು. ಮಾರ್ಷ್‌ಮನ್ನರ ಮಡದಿ ಹ್ಯಾನಾ ಶಾಲೆ ನಡೆಸಿ ಸಂಸ್ಥೆಯನ್ನು ಸಾಕಿದಳು, ತಾಯಿಯ ಆರೈಕೆಯಿಲ್ಲದ ಕೇರಿಯ ಗಂಡುಮಕ್ಕಳನ್ನೂ ನೋಡಿಕೊಂಡಳು.

ಕಾಲೇಜಿನ ಮೆಟ್ಟಿಲು ಹತ್ತದ ಈ ಮನುಷ್ಯನೇ 1818ರಲ್ಲಿ ತನ್ನ ಗೆಳೆಯರೊಡನೆ ಶ್ರೀರಾಮಪುರ ಕಾಲೇಜನ್ನು ಕಟ್ಟಿದನು. ಅಲ್ಲಿ ದೈವಶಾಸ್ತ್ರದ ಜೊತೆಗೆ ಸಂಸ್ಕೃತವನ್ನೂ ವಿಜ್ಞಾನವನ್ನೂ ಕಲಿಸಬೇಕು, ಜಾತಿಮತ ನೋಡದೆ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಬೇಕು ಎಂಬುದು ಅವರ ಸಂಕಲ್ಪ. 1827ರಲ್ಲಿ ಡೆನ್ಮಾರ್ಕಿನ ರಾಜ 6ನೆಯ ಫ್ರೆಡರಿಕನು ಪದವಿ ನೀಡುವ ಸನ್ನದು ಕೊಟ್ಟನು. ಇಂದಿಗೂ ದೇಶದ ಅನೇಕ ದೈವಶಾಸ್ತ್ರ ಕಾಲೇಜುಗಳ ಪದವಿಗಳು ಶ್ರೀರಾಮಪುರದ ಸೆನೆಟ್ ಹೆಸರಿನಲ್ಲಿಯೇ ಬರುತ್ತವೆ. ತರಬೇತಿ ಬೇಡವೆನ್ನುವವರು ಕೇರಿಯನ್ನು ಸಾಕ್ಷಿಗೆ ಕರೆಯಬಾರದು. ಅವನು ನನ್ನ ಕಡೆಯ ಸಾಕ್ಷಿ.

ಆ ಕತೆಯ ಕಹಿಯನ್ನೂ ಮುಚ್ಚಿಡಲಾರೆ. ಸನ್ನದು ಬಂದ ಅದೇ 1827ರಲ್ಲಿ ಶ್ರೀರಾಮಪುರದವರೂ ಇಂಗ್ಲೆಂಡಿನ ಬ್ಯಾಪ್ಟಿಸ್ಟ್ ಮಿಷನರಿ ಸಂಘದವರೂ ಬೇರೆಯಾದರು. ಕಾರಣ ಸಿದ್ಧಾಂತವಲ್ಲ, ಆಸ್ತಿ ಯಾರ ಹೆಸರಿನಲ್ಲಿರಬೇಕು, ಲೆಕ್ಕ ಯಾರಿಗೆ ಒಪ್ಪಿಸಬೇಕು ಎಂಬ ಜಗಳ. ದುಡಿದು ಕೊಟ್ಟವರ ಮೇಲೆಯೇ ದುಡ್ಡು ಮಾಡಿಕೊಂಡರೆಂಬ ಅಪವಾದ ಬಂತು. ಮತ್ತೆ ಒಂದಾಗಲು ಹತ್ತು ವರ್ಷ ಹಿಡಿಯಿತು. ಅಷ್ಟರಲ್ಲಿ ಕೇರಿ ತೀರಿಕೊಂಡಿದ್ದನು. ಅಷ್ಟು ದೊಡ್ಡವರ ನಡುವೆಯೇ ಒಪ್ಪಂದ ಸ್ಪಷ್ಟವಾಗಿಲ್ಲದೆ ಹೀಗಾಯಿತೆಂದ ಮೇಲೆ, ನಮ್ಮ ಪುಟ್ಟ ಸಭೆಗಳ ಖಜಾಂಚಿಗಳು "ನಂಬಿಕೆಯಿದ್ದರೆ ಸಾಕು, ರಶೀದಿ ಏಕೆ" ಎಂದು ಕೇಳುವುದನ್ನು ನಾನು ಹೇಗೆ ಒಪ್ಪಲಿ?

ಸಮಾಜಸೇವೆಯ ವಿಷಯಕ್ಕೆ ನಮಗೆ ಹತ್ತಿರದ ನಿದರ್ಶನ ಆಂಧ್ರದ ಒಂಗೋಲಿನದು. 1876ರಿಂದ 78ರ ತನಕ ದಕ್ಷಿಣ ಭಾರತವನ್ನು ಸುಟ್ಟ ಬರಗಾಲವನ್ನು ನಮ್ಮ ಮೈಸೂರು ಸೀಮೆಯವರು ಧಾತು, ಈಶ್ವರ ಸಂವತ್ಸರಗಳ ಕ್ಷಾಮವೆಂದು ನೆನೆಯುತ್ತಿದ್ದರು. ಆಗ ಒಂಗೋಲಿನಲ್ಲಿದ್ದ ಅಮೆರಿಕನ್ ಬ್ಯಾಪ್ಟಿಸ್ಟ್ ಮಿಷನರಿ ಜಾನ್ ಕ್ಲಫ್ ಯೌವನದಲ್ಲಿ ಭೂಮಾಪನದ ಕೆಲಸ ಕಲಿತವನು. ಆ ವಿದ್ಯೆ ಈಗ ನೆರವಿಗೆ ಬಂತು. ಬಕಿಂಗ್‌ಹ್ಯಾಮ್ ಕಾಲುವೆಯ ಸುಮಾರು ಮೂರೂವರೆ ಮೈಲು ಭಾಗವನ್ನು ತೋಡಿಸುವ ಗುತ್ತಿಗೆಯನ್ನು ಸರ್ಕಾರದಿಂದ ಪಡೆದು, ಹಸಿದ ಸಾವಿರಾರು ಮಂದಿಗೆ ಕೂಲಿ ಕೊಟ್ಟು ಬದುಕಿಸಿದನು. ಅವನ ತೆಲುಗು ಬೋಧಕರೇ ಮೇಸ್ತ್ರಿಗಳಾಗಿ ನಿಂತರು.

ನಾನು ಮೆಚ್ಚುವುದು ಇದರ ಮುಂದಿನ ಸಂಗತಿಯನ್ನು. ಬರಗಾಲ ನಡೆಯುತ್ತಿದ್ದಾಗ ದೀಕ್ಷಾಸ್ನಾನ ಬೇಡಿ ಬಂದವರಿಗೆ ಅವನು ವರ್ಷಕ್ಕೂ ಹೆಚ್ಚು ಕಾಲ ಅದನ್ನು ಕೊಡಲಿಲ್ಲ. ಕಾಳಿಗಾಗಿ ಮತ ಬದಲಿಸಿದರೆಂಬ ಮಾತು ಬರಬಾರದು, ಕಾಳೂ ಕ್ರಿಸ್ತನೂ ಒಂದೇ ತಕ್ಕಡಿಯಲ್ಲಿ ತೂಗಬಾರದು ಎಂಬ ವಿವೇಕ ಅದು. ಪರಿಹಾರದ ಕೆಲಸವೆಲ್ಲ ಮುಗಿದ ಮೇಲೆ, 1878ರ ಜುಲೈ 3ರಂದು ಗುಂಡ್ಲಕಮ್ಮ ನದಿಯಲ್ಲಿ ಒಂದೇ ದಿನ 2,222 ಮಂದಿ ದೀಕ್ಷಾಸ್ನಾನ ಪಡೆದರು. ಸ್ನಾನ ಮಾಡಿಸಿದವರು ಆರು ಮಂದಿ ಬೋಧಕರು, ಇಬ್ಬಿಬ್ಬರಂತೆ ಸರದಿಯಲ್ಲಿ. ಹೊರೆಯನ್ನು ಹಂಚಿಕೊಡು ಎಂದ ಮೋಶೆಯ ಮಾವನ ಬುದ್ಧಿವಾದ ನೆನಪಾಗುವುದಿಲ್ಲವೇ?

ಸೇವೆಯನ್ನು ಗಾಳದ ಎರೆಹುಳುವಾಗಿ ಬಳಸುವ ಪಾಲಕರು ಇಂದಿಗೂ ಇಲ್ಲವೆಂದು ನಾನು ಹೇಳಲಾರೆ. ಒಂದು ಚೀಲ ಅಕ್ಕಿ ಕೊಟ್ಟು ಹತ್ತು ಛಾಯಾಚಿತ್ರ ತೆಗೆಸಿಕೊಳ್ಳುವವರನ್ನು ಕಣ್ಣಾರೆ ಕಂಡಿದ್ದೇನೆ. ಇದರಿಂದ ಕೊಟ್ಟವನ ಮಾನವೂ ಹೋಗುತ್ತದೆ, ಪಡೆದವನ ಮಾನವೂ ಹೋಗುತ್ತದೆ, ನೆರೆಹೊರೆಯ ಅನ್ಯಧರ್ಮೀಯರ ಅನುಮಾನವೂ ಬೆಳೆಯುತ್ತದೆ. ಬೆಂಗಳೂರಿನ ಹೆಬ್ಬಾಳದಲ್ಲಿ 1973ರಲ್ಲಿ 80 ಹಾಸಿಗೆಗಳಿಂದ ಆರಂಭವಾದ ಬ್ಯಾಪ್ಟಿಸ್ಟ್ ಆಸ್ಪತ್ರೆಯ ಹೆಸರನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ನನ್ನ ಶಿಷ್ಯರ ಮಕ್ಕಳಲ್ಲಿ ಕೆಲವರು ಹುಟ್ಟಿದ್ದೇ ಅಲ್ಲಿ. ಅಮೆರಿಕದ ಮಿಷನರಿಗಳು ಕಟ್ಟಿದ ಆ ಆಸ್ಪತ್ರೆಯ ಆಡಳಿತವನ್ನು 1989ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ವಹಿಸಿಕೊಡಲಾಯಿತು. ಕಟ್ಟುವುದೊಂದು ವಿದ್ಯೆಯಾದರೆ ಬಿಟ್ಟುಕೊಡುವುದು ಅದಕ್ಕಿಂತ ದೊಡ್ಡ ವಿದ್ಯೆ. ನಮ್ಮ ಎಷ್ಟು ಸಭೆಗಳಲ್ಲಿ ಪಾಲಕನು ತನ್ನ ಬಳಿಕ ಬರುವವನನ್ನು ಸಿದ್ಧಗೊಳಿಸಿದ್ದಾನೆ? ಮಗನಿಗೋ ಅಳಿಯನಿಗೋ ಪೀಠವನ್ನು ಉಯಿಲು ಬರೆದಂತೆ ಬಿಟ್ಟುಹೋಗುವುದನ್ನು ನಾನು ಸಿದ್ಧಗೊಳಿಸುವುದೆಂದು ಕರೆಯುವುದಿಲ್ಲ.

ಇಷ್ಟೆಲ್ಲ ಇತಿಹಾಸ ಹೇಳಿದ ಮೇಲೆ ನನ್ನ ಸ್ವಂತ ತಪ್ಪನ್ನು ಹೇಳದಿದ್ದರೆ ಈ ಲೇಖನ ಬರಿಯ ಪಾಂಡಿತ್ಯ ಪ್ರದರ್ಶನವಾದೀತು.

ಹಲವು ವರ್ಷಗಳ ಹಿಂದೆ ನಾನೊಂದು ಸಭೆಯ ಕಾರ್ಯದರ್ಶಿಯಾಗಿದ್ದೆ. ಆ ಊರಿನ ಹೆಸರು ಬೇಡ. ನಮ್ಮ ಪಾಲಕರು ನನಗಿಂತ ಹತ್ತು ವರ್ಷ ಚಿಕ್ಕವರು, ಸಾಧು ಮನುಷ್ಯ, ಕಂಠ ಮಧುರವಾಗಿತ್ತು. ಮದುವೆ, ಸಾವು, ಆಸ್ಪತ್ರೆ, ಪೊಲೀಸ್ ಠಾಣೆ, ಮಕ್ಕಳ ಶಾಲಾಪ್ರವೇಶ, ಗಂಡಹೆಂಡಿರ ಜಗಳ, ಎಲ್ಲಕ್ಕೂ ಅವರೇ ಬರಬೇಕು. ಬಾರದಿದ್ದರೆ, "ಬಡವರ ಮನೆಗೆ ಅಯ್ಯನವರು ಬರುತ್ತಾರೆಯೇ" ಎಂಬ ಚುಚ್ಚುಮಾತು. ವಾರಕ್ಕೊಂದು ದಿನದ ರಜೆಯೂ ಅವರಿಗಿರಲಿಲ್ಲ. ಸಂಬಳ ತಿಂಗಳ ಹತ್ತನೆಯ ತಾರೀಕಾದರೂ ಕೈಸೇರುತ್ತಿರಲಿಲ್ಲ. ಅವರ ಹೆಂಡತಿ ಮಹಿಳಾಕೂಟವನ್ನೂ ಭಾನುವಾರ ಶಾಲೆಯನ್ನೂ ನಡೆಸಿ, ಬಂದವರಿಗೆಲ್ಲ ಕಾಫಿ ಕಾಸಿಕೊಡುತ್ತಿದ್ದರು. ಅದನ್ನು ಕೆಲಸವೆಂದು ನಾವು ಯಾರೂ ಎಣಿಸಿರಲಿಲ್ಲ. ನನಗೆ ಬೇಸಿಗೆ ರಜೆ, ದಸರಾ ರಜೆ, ಗಳಿಕೆ ರಜೆ ಎಲ್ಲವೂ ಇದ್ದವು. ಇವರಿಗೂ ರಜೆ ಬೇಕೆಂಬುದು ನನಗೆ ಹೊಳೆಯಲೇ ಇಲ್ಲ.

ಒಂದು ಭಾನುವಾರ ಉಪದೇಶದ ನಡುವೆ ಅವರ ಮಾತು ನಿಂತುಹೋಯಿತು. ಪೀಠವನ್ನು ಹಿಡಿದುಕೊಂಡು ಕೆಲಹೊತ್ತು ನಿಂತರು. ಆಮೇಲೆ ಮೆಟ್ಟಿಲಿಳಿದು ಬಂದು ಮುಂದಿನ ಬೆಂಚಿನಲ್ಲಿ ಕುಳಿತು ಅತ್ತರು. ಸಭೆಯಲ್ಲಿ ನೂರಕ್ಕೂ ಹೆಚ್ಚು ಜನರಿದ್ದೆವು. ಆ ಹೊತ್ತಿನಲ್ಲಿ ಏನು ಮಾಡಬೇಕೆಂದು ಒಬ್ಬರಿಗೂ ತಿಳಿಯಲಿಲ್ಲ. ನಾನು ಎದ್ದುನಿಂತು ಒಂದು ಕೀರ್ತನೆ ಹಾಡಿಸಿದೆ. ಆ ವಾರ ನಡೆದ ಸಮಿತಿಯಲ್ಲಿ ಒಬ್ಬ ಹಿರಿಯರು, "ಅಯ್ಯನವರ ಪ್ರಾರ್ಥನಾಜೀವನ ಕುಂದಿದೆ" ಎಂದರು. ನಾನು ಆ ಮಾತನ್ನು ನಡಾವಳಿ ಪುಸ್ತಕದಲ್ಲಿ ನನ್ನ ದುಂಡನೆಯ ಅಕ್ಷರಗಳಲ್ಲಿ ಬರೆದೆ. ವೈದ್ಯರಿಗೆ ತೋರಿಸೋಣವೆಂದು ಯಾರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ನಾಲ್ಕು ತಿಂಗಳಲ್ಲಿ ಅವರು ಸಂಸಾರ ಸಮೇತ ಊರು ಬಿಟ್ಟರು.

ಅವರು ಹೋದ ಮೇಲೆ ಲೆಕ್ಕದ ಗೊಂದಲ ಹೊರಬಂತು. ಕಟ್ಟಡದ ನಿಧಿ, ಬಡವರ ನಿಧಿ, ದಶಮಾಂಶ ಎಲ್ಲವೂ ಒಂದೇ ಡಬ್ಬಿಯಲ್ಲಿ ಬೆರೆತಿದ್ದವು. ಯಾರೂ ಒಂದು ರೂಪಾಯಿ ಕದ್ದಿರಲಿಲ್ಲವೆಂದು ನಾನು ಇಂದಿಗೂ ನಂಬುತ್ತೇನೆ. ಆದರೆ ಕದ್ದಿಲ್ಲವೆಂದು ತೋರಿಸಲು ಒಂದು ಚೀಟಿಯೂ ಇರಲಿಲ್ಲ. ಪ್ರತಿವರ್ಷದ ತಃಖ್ತೆಗೆ ಸಹಿ ಹಾಕಿದ್ದವನು ನಾನು, ಓದದೆ ಹಾಕಿದ್ದೆ. ಮಕ್ಕಳ ಅಂಕಪಟ್ಟಿಯನ್ನು ಮೂರು ಸಲ ಕೂಡಿ ನೋಡುತ್ತಿದ್ದ ಮೇಷ್ಟ್ರು ದೇವರ ಹಣವನ್ನು ಒಮ್ಮೆಯೂ ಕೂಡಿ ನೋಡಲಿಲ್ಲ. ಸಭೆ ಎರಡಾಯಿತು. ಅಣ್ಣತಮ್ಮಂದಿರು ಎದುರುಬದುರು ಬೀದಿಗಳಲ್ಲಿ ಬೇರೆ ಬೇರೆಯಾಗಿ ಕ್ರಿಸ್ಮಸ್ ಆಚರಿಸಿದರು. ಹೋದ ಪಾಲಕರ ಮೇಲೆ ಇಲ್ಲದ ಕಳಂಕ ಅಂಟಿಕೊಂಡಿತು. ಅದನ್ನು ತೊಳೆಯಬಲ್ಲ ದಾಖಲೆಯನ್ನು ನಾನು ಇಟ್ಟಿರಲಿಲ್ಲ. ಕೆಂಪು ಪುಸ್ತಕದ ಕಾರಣ ಈಗ ನಿಮಗೆ ತಿಳಿಯಿತೆಂದು ಭಾವಿಸುತ್ತೇನೆ.

ಹಾಗಾದರೆ ಏನನ್ನು ಕಲಿಸಬೇಕು? ಗ್ರೀಕ್, ಹೀಬ್ರೂ, ವ್ಯಾಖ್ಯಾನಶಾಸ್ತ್ರ ಬೇಡವೆಂದು ನಾನು ಹೇಳುವುದಿಲ್ಲ. ಅವುಗಳ ಜೊತೆಗೆ ಬೇಕಾದುವನ್ನು ಹೇಳುತ್ತೇನೆ.

ಮೊದಲನೆಯದು ಹಣ. ಕಾಣಿಕೆಯನ್ನು ಸಂಬಂಧಿಕರಲ್ಲದ ಇಬ್ಬರು ಒಟ್ಟಿಗೆ ಎಣಿಸಬೇಕು. ಅದೇ ದಿನ ಬರೆಯಬೇಕು, ಮರುದಿನ ಬ್ಯಾಂಕಿಗೆ ಕಟ್ಟಬೇಕು. ಪಾಲಕನು ಹಣವನ್ನು ಮುಟ್ಟಬಾರದು, ಆದರೆ ಲೆಕ್ಕ ಓದಲು ಬಲ್ಲವನಾಗಿರಬೇಕು. ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ 1960ರ ಅಡಿ ನೋಂದಾಯಿಸಿಕೊಂಡ ಸಭೆಯಾದರೆ ವಾರ್ಷಿಕ ಮಹಾಸಭೆಯೂ ಲೆಕ್ಕಪರಿಶೋಧನೆಯೂ ಕಾನೂನಿನ ಕರ್ತವ್ಯಗಳು, ಯಾರೋ ಮಾಡುವ ಉಪಕಾರಗಳಲ್ಲ.

ಎರಡನೆಯದು ಮಕ್ಕಳ ರಕ್ಷಣೆ. 2012ರ ಪೋಕ್ಸೋ ಕಾಯ್ದೆಯಂತೆ, ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆಯೆಂದು ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿರುವುದೇ ಅಪರಾಧ. "ಸಭೆಯ ಮಾನ ಹೋಗುತ್ತದೆ, ಒಳಗೇ ಪ್ರಾರ್ಥಿಸಿ ಮುಗಿಸೋಣ" ಎನ್ನುವ ಹಿರಿಯನು ಭಕ್ತನಲ್ಲ, ಅಪರಾಧದಲ್ಲಿ ಪಾಲುಗಾರ. ಭಾನುವಾರ ಶಾಲೆಯ ಪ್ರತಿಯೊಬ್ಬ ಶಿಕ್ಷಕನಿಗೂ ಶಿಕ್ಷಕಿಗೂ ಇದನ್ನು ತಿಳಿಸಿಕೊಡಬೇಕು, 1098ರ ಸಂಖ್ಯೆಯನ್ನು ಗೋಡೆಯ ಮೇಲೆ ಬರೆಸಬೇಕು.

ಮೂರನೆಯದು ಮನಸ್ಸಿನ ಆರೋಗ್ಯ. ಪಾಲಕನಲ್ಲಿಗೆ ಬರುವವರಲ್ಲಿ ಕೆಲವರಿಗೆ ಪ್ರಾರ್ಥನೆಯೂ ಬೇಕು, ವೈದ್ಯರೂ ಬೇಕು. ಖಿನ್ನತೆಯನ್ನು ದೆವ್ವವೆಂದು ಬಿಡಿಸಹೋಗುವುದು ಅಜ್ಞಾನ. ಔಷಧಿ ನಿಲ್ಲಿಸೆಂದು ಹೇಳುವುದು ಕ್ರೌರ್ಯ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ಈ ನೆರವು ಪಾಲಕನಿಗೂ ಬೇಕಾಗಬಹುದು. ಅವನೂ ಮಣ್ಣಿನ ಪಾತ್ರೆಯೇ. ವಾರಕ್ಕೊಂದು ದಿನ ರಜೆ, ವರ್ಷಕ್ಕೊಂದು ತಿಂಗಳ ವಿರಾಮ, ತಾರೀಕಿಗೆ ಸರಿಯಾಗಿ ಸಂಬಳ, ಮನಸ್ಸು ಬಿಚ್ಚಿ ಮಾತನಾಡಲು ಬೇರೆ ಊರಿನ ಒಬ್ಬ ಹಿರಿಯ ಪಾಲಕ, ಇವು ಭೋಗಗಳಲ್ಲ.

ನಾಲ್ಕನೆಯದು ಊರಿನ ತಿಳಿವಳಿಕೆ. ವಿಧವಾವೇತನದ ಅರ್ಜಿ ಎಲ್ಲಿ ಕೊಡಬೇಕು, ಪಡಿತರ ಚೀಟಿಯಲ್ಲಿ ಹೆಸರು ಹೇಗೆ ಸೇರಿಸಬೇಕು, ಅಂಗನವಾಡಿಯಲ್ಲಿ ಏನು ದೊರೆಯುತ್ತದೆ, ಗ್ರಾಮಸಭೆ ಯಾವಾಗ ನಡೆಯುತ್ತದೆ ಎಂಬುದನ್ನು ಬಲ್ಲ ಪಾಲಕನು, ಅಕ್ಕಿ ಚೀಲ ಹಂಚುವವನಿಗಿಂತ ಹೆಚ್ಚು ಜನರನ್ನು ಸಾಕುತ್ತಾನೆ. ಕ್ರೈಸ್ತರನ್ನು ಮಾತ್ರವಲ್ಲ, ಬೀದಿಯವರೆಲ್ಲರನ್ನೂ.

ಇಷ್ಟನ್ನೂ ಪಾಲಕನೊಬ್ಬನಿಗೇ ಕಲಿಸಿದರೆ ಮತ್ತೆ ಅವನನ್ನೇ ಕೊಂದಂತಾಗುತ್ತದೆ. ಡೀಕನ್ನರೂ ಖಜಾಂಚಿಯೂ ಭಾನುವಾರ ಶಾಲೆಯವರೂ ಕಲಿಯಬೇಕು. ಮುಖ್ಯವಾಗಿ ಹೆಂಗಸರು ಕಲಿಯಬೇಕು. ನಮ್ಮ ಸಭೆಗಳ ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಮಾಡುವವರು ಅವರು. ತರಬೇತಿಗೆ ಹೆಸರು ಬರೆಯುವಾಗ ಮಾತ್ರ ಅವರ ನೆನಪು ನಮಗೆ ಬರುವುದಿಲ್ಲ. ಹ್ಯಾನಾ ಮಾರ್ಷ್‌ಮನ್ನಳ ಶಾಲೆಯಿಲ್ಲದೆ ಶ್ರೀರಾಮಪುರದ ಒಲೆ ಉರಿಯುತ್ತಿರಲಿಲ್ಲವೆಂಬುದನ್ನು ಮರೆಯಬಾರದು.

ಎರಡನೆಯ ಆಕ್ಷೇಪ ಆಧುನಿಕರದು. "ತರಬೇತಿ ನಡೆಯುತ್ತಲೇ ಇದೆಯಲ್ಲ ಸಾರ್" ಎನ್ನುತ್ತಾರೆ. ನಡೆಯುತ್ತದೆ, ಹವಾನಿಯಂತ್ರಿತ ಹೋಟೆಲಿನಲ್ಲಿ ಮೂರು ದಿನ. ಪರದೇಶದ ಭಾಷಣಕಾರ, ಪರದೆಯ ಮೇಲೆ ಚಿತ್ರಗಳು, ಕೊನೆಯಲ್ಲಿ ಚಿನ್ನದ ಅಂಚಿನ ಪ್ರಮಾಣಪತ್ರ. ಸಾವಿರಾರು ಜನರ ಸಭೆಯನ್ನು ಬೆಳೆಸುವ ಏಳು ಸೂತ್ರಗಳನ್ನು, ಅರವತ್ತು ಜನರ ಸಭೆಯ ಪಾಲಕನು ಅರ್ಧಂಬರ್ಧ ತಿಳಿಯುವ ಇಂಗ್ಲಿಷಿನಲ್ಲಿ ಬರೆದುಕೊಂಡು ಬರುತ್ತಾನೆ. ಊರಿಗೆ ಬಂದಾಗ ಅವನಿಗಾಗಿ ಕಾದಿರುವುದು ಕುಡುಕ ಗಂಡನ ಹೆಂಡತಿ, ಸಾಲದಲ್ಲಿ ಮುಳುಗಿದ ರೈತ. ಆ ಏಳು ಸೂತ್ರಗಳಲ್ಲಿ ಇವರಿಬ್ಬರೂ ಇಲ್ಲ. ಕನ್ನಡದ ಪಾಲಕನಿಗೆ ಕನ್ನಡದಲ್ಲಿಯೇ ಕಲಿಸಬೇಕು. ಅದು ಆಗದ ಮಾತಲ್ಲ. ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಕನ್ನಡದಲ್ಲಿ ದೈವಶಾಸ್ತ್ರವನ್ನು ಕಲಿಸುತ್ತ ಬಂದಿದೆ.

ಮೂರನೆಯ ಆಕ್ಷೇಪ, "ನಮ್ಮದು ಬಡ ಸಭೆ, ಹಣವೆಲ್ಲಿ?" ಎಂಬುದು. ನಾನು ಹೇಳಿದುದರಲ್ಲಿ ಹೆಚ್ಚು ಹಣ ಬೇಡುವುದು ಯಾವುದು? ಬ್ಯಾಂಕಿನ ಗುಮಾಸ್ತೆ, ನಿವೃತ್ತ ದಾದಿ, ಶಾಲಾ ಶಿಕ್ಷಕಿ, ಒಬ್ಬ ವಕೀಲ, ಇಂಥವರು ಹುಡುಕಿದರೆ ನೆರೆಯ ನಾಲ್ಕು ಸಭೆಗಳಲ್ಲಿ ಸಿಗುತ್ತಾರೆ. ತಿಂಗಳಿಗೊಂದು ಶನಿವಾರ, ಒಂದು ಕರಿಹಲಗೆ, ಮಧ್ಯಾಹ್ನಕ್ಕೆ ಅನ್ನಸಾರು. ದೀಕ್ಷೆಗೆ ಮೊದಲು ಒಂದು ವರ್ಷ ಅನುಭವಿ ಪಾಲಕರೊಬ್ಬರ ಜೊತೆ ನಡೆದು ಕಲಿಯುವ ನಿಯಮ. ಶಿಕ್ಷಕನಾಗುವವನು ಮೊದಲು ಮಕ್ಕಳ ಮುಂದೆ ನಿಂತು ಪಾಠಾಭ್ಯಾಸ ಮಾಡಬೇಕು; ಸಹೋದ್ಯೋಗಿಗಳು ಹಿಂದಿನ ಬೆಂಚಿನಲ್ಲಿ ಕುಳಿತು ತಪ್ಪು ಬರೆದುಕೊಳ್ಳುತ್ತಾರೆ. ಏಳನೆಯ ತರಗತಿಗೆ ಭೂಗೋಳ ಕಲಿಸುವವನಿಗೆ ಇಷ್ಟು ಬೇಕಾದರೆ, ಸಾಯುವವನ ಹಾಸಿಗೆಯ ಬಳಿ ಕುಳಿತುಕೊಳ್ಳಬೇಕಾದವನಿಗೆ ಏನೂ ಬೇಡವೇ? ಹಣವಿಲ್ಲವೆಂಬುದು ನೆಪ. ಹೊಸ ಧ್ವನಿವರ್ಧಕಕ್ಕೆ ಹಣ ಹೊಂದಿಸಿದ ಸಭೆಗಳನ್ನು ನಾನು ಬಲ್ಲೆ.

ಇಷ್ಟು ಕಟುವಾಗಿ ಬರೆದುದಕ್ಕೆ ಬಂಧುಗಳು ಬೇಸರಿಸಬಾರದು. ಆ ದಿನ ಮುಂದಿನ ಬೆಂಚಿನಲ್ಲಿ ಕುಳಿತು ಅತ್ತ ಆ ಮನುಷ್ಯನ ಪಕ್ಕದಲ್ಲಿ ಹೋಗಿ ಕುಳಿತುಕೊಳ್ಳುವ ಬದಲು ಕೀರ್ತನೆ ಹಾಡಿಸಿದವನು ನಾನು. ಆ ಋಣವನ್ನು ಇನ್ನೊಬ್ಬ ಪಾಲಕನಿಗಾದರೂ ತೀರಿಸಬೇಕೆಂಬುದು ನನ್ನ ಆಸೆ.

ಮೊನ್ನೆ ಆ ಹುಡುಗನು ಕರೆ ಮಾಡಿದ್ದನು. "ಸಾರ್, ನಿಮ್ಮ ಪುಸ್ತಕ ಮೇಜಿನ ಮೇಲಿದೆ. ಮೊದಲ ಪುಟದಲ್ಲಿ ಏನು ಬರೆಯಲಿ?" ಎಂದು ಕೇಳಿದನು. ನಾನು ಹೇಳಿದೆ: "ಮೊದಲ ಪುಟದಲ್ಲಿ ನಿನ್ನ ವಾರದ ರಜೆ ಯಾವ ದಿನವೆಂದು ಬರೆದು, ಸಭೆಯವರಿಂದ ಸಹಿ ಹಾಕಿಸಿಕೊ. ಎರಡನೆಯ ಪುಟದಲ್ಲಿ, ನೀನು ತಪ್ಪಿದರೆ ನಿನ್ನನ್ನು ಮುಖದೆದುರು ಕೇಳಬಲ್ಲ ಮೂವರ ಹೆಸರು ಬರೆ. ಅವರಲ್ಲಿ ಒಬ್ಬರಾದರೂ ಹೆಂಗಸಾಗಿರಲಿ. ಮೂರನೆಯ ಪುಟದಿಂದ ಕಾಣಿಕೆಯ ಲೆಕ್ಕ ಪ್ರಾರಂಭಿಸು, ಆದರೆ ಆ ಪುಟಗಳನ್ನು ನೀನು ಬರೆಯಬೇಡ, ಖಜಾಂಚಿಗೆ ಕೊಡು."

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಗಲಿ ಸಾರ್" ಎಂದನು. ದೇವರು ಅವನನ್ನೂ ಅವನ ಹೆಂಡತಿಯನ್ನೂ ಆ ಸಭೆಯನ್ನೂ ಚೆನ್ನಾಗಿಟ್ಟಿರಲಿ.

ಇತಿ ನಿಮ್ಮ ಮೇಷ್ಟ್ರು.